ವಾರಕ್ಕೊಂದು ಗುಳಿಗೆ

ಶ್ರಾವಣದ ಸೋಮವಾರ ಮಹಾಕೂಟಕ್ಕೆ ಹೋದವರಿಗೆ ಗೊತ್ತು, ಗುಡಿಯ ಗಂಟೆಗಿಂತ ಮೊದಲು ಕಿವಿಗೆ ಬೀಳುವುದು ಪುಷ್ಕರಿಣಿಯ ಸದ್ದು. ಹುಡುಗರು ಕಟ್ಟೆಯ ಮೇಲಿನಿಂದ ಧುಮುಕುತ್ತಿರುತ್ತಾರೆ, ಹೆಂಗಸರು ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುತ್ತಿರುತ್ತಾರೆ. ಅಂಥದೊಂದು ಸೋಮವಾರ ನಾನೂ ನನ್ನ ವಿದ್ಯಾರ್ಥಿಯೊಬ್ಬನೂ ಅಲ್ಲಿ ಕುಳಿತಿದ್ದೆವು. ಅವನಾಗ ಹೌಸ್ ಸರ್ಜನ್. ಎಂಬಿಬಿಎಸ್ ಕೊನೆಯ ಪರೀಕ್ಷೆ ಮುಗಿಸಿ ಆರು ತಿಂಗಳಾಗಿತ್ತು. ಪಕ್ಕದಲ್ಲಿ ಇಳಕಲ್ಲಿನ ಒಂದು ನೇಕಾರ ಕುಟುಂಬ. ಮನೆಯ ಹಿರಿಯಾಕೆ ರೊಟ್ಟಿ ಮುಟ್ಟದೆ ಬರೀ ಮಜ್ಜಿಗೆ ಕುಡಿಯುತ್ತಿದ್ದರು. ನಾವು ಡಾಕ್ಟರೆಂದು ಮಾತಿನಿಂದ ತಿಳಿದದ್ದೇ ತಡ, ಕೈಚೀಲದಿಂದ ಒಂದು ಕ್ಯಾರಿಬ್ಯಾಗ್ ತೆಗೆದರು.

“ಯಪ್ಪಾ, ಇದೊಂದ್ ಚೂರು ನೋಡ್ರಿ. ಬಾಯಿ ತುಂಬ ಹುಣ್ಣ ಎದ್ದಾವು. ರೊಟ್ಟಿ ನುಂಗಾಕ ಬರವಲ್ದು, ಖಾರ ಹತ್ತಿದ್ರ ಜೀವಾ ಹೋಗ್ತೈತಿ.”

ಕಂಡಿಕೆ ಸುತ್ತಿ ಸುತ್ತಿ ಸವೆದ ಕೈ. ಬೆರಳಿನ ಗೆಣ್ಣುಗಳು ಬಾತಿದ್ದವು. ಹುಡುಗ ಚೀಟಿ ಇಸಿದುಕೊಂಡು ಓದಿದ. ನಾಲ್ಕು ಸಾಲು. ಮೊದಲ ಸಾಲಿನಲ್ಲಿ ಔಷಧದ ಹೆಸರಿನ ಮೊಟಕು ರೂಪ, 7.5 ಎಂಬ ಅಂಕಿ, ಆಮೇಲೆ ಒಂದು, ಅದರ ಬಾಲಕ್ಕೊಂದು ಗೀಚು. ಕೆಳಗೆ ಫೋಲಿಕ್ ಆಸಿಡ್, ಒಂದು ನೋವಿನ ಗುಳಿಗೆ, ಒಂದು ಗ್ಯಾಸಿನ ಗುಳಿಗೆ.

“ಒಡಿ ಸರ್. ದಿನಕ್ಕೊಂದು,” ಅಂದ.

ನಾನು ಸ್ಟ್ರಿಪ್ ಕೈಗೆ ತಗೊಂಡು ನೋಡಿದೆ. ಮೆಥೊಟ್ರೆಕ್ಸೇಟ್. “ಅಮ್ಮಾ, ಇದನ್ನ ದಿನಾ ತಗೋತೀರೇನ್ರಿ?”

“ಹೌದ್ರಿ, ದಿನಾ ಮುಂಜಾನಿ ಒಂದು. ಒಂಬತ್ತು ದಿನಾತು. ಒಂದ ದಿನಾನೂ ತಪ್ಪಿಸಿಲ್ರಿ.”

ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಬಹಳ ಒಳ್ಳೆಯ ಔಷಧ. ಆದರೆ ವಾರಕ್ಕೆ ಒಂದೇ ದಿನ. ದಿನಾ ತಿಂದರೆ ಬಾಯಿಯ ಒಳಪೊರೆ ಸುಲಿಯುತ್ತದೆ, ಎಲುಬಿನ ಮಜ್ಜೆ ರಕ್ತಕಣ ಮಾಡುವುದನ್ನು ನಿಲ್ಲಿಸುತ್ತದೆ, ಜೀವವೂ ಹೋಗಬಹುದು. ಬಾಯಿಹುಣ್ಣು ಅದರ ಮೊದಲ ಎಚ್ಚರಿಕೆ. ದರ್ಶನ ಅಷ್ಟಕ್ಕೇ ಬಿಟ್ಟು ಅವರನ್ನು ನಮ್ಮ ಗಾಡಿಯಲ್ಲೇ ಬಾಗಲಕೋಟೆಗೆ ಕರೆತಂದೆವು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದಿದ್ದವು. ಫೋಲಿನಿಕ್ ಆಸಿಡ್ ಕೊಟ್ಟು, ಸೋಂಕು ತಗಲದಂತೆ ನೋಡಿಕೊಂಡು, ಹನ್ನೆರಡು ದಿನಕ್ಕೆ ಮನೆಗೆ ಕಳಿಸಿದರು. ಬದುಕಿದರು.

ದಾರಿಯಲ್ಲಿ ಹುಡುಗನಿಗೆ ಕೇಳಿದೆ, ಮೆಥೊಟ್ರೆಕ್ಸೇಟ್ ಹೇಗೆ ಕೆಲಸ ಮಾಡುತ್ತದೆ? ಪಟಪಟ ಹೇಳಿದ. ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವನ್ನು ತಡೆಯುತ್ತದೆ, ಡಿಎನ್‌ಎ ತಯಾರಿ ನಿಲ್ಲುತ್ತದೆ, ವಿಷಬಾಧೆಗೆ ಫೋಲಿನಿಕ್ ಆಸಿಡ್. ಒಂದಕ್ಷರ ತಪ್ಪಲಿಲ್ಲ. ಅದನ್ನೆಲ್ಲ ಅವನಿಗೆ ಕಲಿಸಿದವನು ನಾನೇ. ಔಷಧಶಾಸ್ತ್ರದ ಮೇಷ್ಟ್ರಾಗಿ ನನಗೆ ಖುಷಿಯಾಗಬೇಕಿತ್ತು. ಇಷ್ಟೆಲ್ಲ ಗೊತ್ತಿದ್ದವನು ಚೀಟಿಯನ್ನು ಮಾತ್ರ ಮೆಡಿಕಲ್ ಶಾಪಿನ ಹುಡುಗ ಓದಿದಂತೆಯೇ ಓದಿದ್ದ.

ಆ ಚೀಟಿ ಬರೆದ ವೈದ್ಯರ ಹೆಸರು, ಊರು ಇಲ್ಲಿ ಬೇಡ. ಅವರು ಬೇಜವಾಬ್ದಾರಿಯವರಲ್ಲ, ರೋಗ ಸರಿಯಾಗಿ ಹಿಡಿದಿದ್ದರು, ಔಷಧವನ್ನೂ ಸರಿಯಾಗಿ ಆರಿಸಿದ್ದರು. ‘ವಾರಕ್ಕೊಮ್ಮೆ’ ಎಂಬ ಒಂದೇ ಮಾತು ಅವರ ತಲೆಯಿಂದ ಆ ತಾಯಿಯ ಅಂಗೈ ತಲುಪುವಷ್ಟರಲ್ಲಿ ಎಲ್ಲೋ ಬಿದ್ದುಹೋಯಿತು. ವೈದ್ಯ ವಿದ್ಯಾರ್ಥಿಗೆ ಔಷಧ ಕಲಿಸುವುದು ಒಂದು, ಔಷಧ ಬರೆಯಲು ಕಲಿಸುವುದು ಇನ್ನೊಂದು. ನಾವು ಮೊದಲನೆಯದನ್ನು ಚೆನ್ನಾಗಿ ಮಾಡಿ, ಎರಡನೆಯದು ತಾನಾಗಿಯೇ ಬರುತ್ತದೆಂದು ಬಿಟ್ಟಿದ್ದೇವೆ. ಪುಷ್ಕರಿಣಿಯ ಕಟ್ಟೆ ಮೇಲೆ ಕೂರಿಸಿ ನೀರಿನ ಸಾಂದ್ರತೆಯ ಪಾಠ ಹೇಳಿ, ಈಜು ಬಂತು ಎಂದು ಸರ್ಟಿಫಿಕೇಟ್ ಕೊಟ್ಟ ಹಾಗೆ.

ನಮ್ಮ ಕಾಲದ ಔಷಧಶಾಸ್ತ್ರದ ಪ್ರಾಯೋಗಿಕ ತರಗತಿ ನೆನಪಾದರೆ ಈಗ ನಗು ಬರುತ್ತದೆ. ಖಲ್ಬತ್ತಿನಲ್ಲಿ ಕುಟ್ಟಿ ಕಾರ್ಮಿನೇಟಿವ್ ಮಿಕ್ಸ್ಚರ್ ಮಾಡುತ್ತಿದ್ದೆವು, ಕಪ್ಪೆಯ ಹೃದಯಕ್ಕೆ ಅಡ್ರಿನಲಿನ್ ಹನಿಸಿ ಗೆರೆ ಏರಿದ್ದನ್ನು ನೋಡುತ್ತಿದ್ದೆವು. ಆ ಮಿಕ್ಸ್ಚರನ್ನು ನಾನು ಇಡೀ ಜೀವಮಾನದಲ್ಲಿ ಒಬ್ಬ ರೋಗಿಗೂ ಕೊಟ್ಟಿಲ್ಲ. ಚೀಟಿಯನ್ನು ಸಾವಿರ ಸಾವಿರ ಬರೆದೆ. ಅದನ್ನು ಯಾರೂ ಕೂರಿಸಿ ಕಲಿಸಲಿಲ್ಲ. ಕಪ್ಪೆಗಳಿಗೆ ಈಗ ಬಿಡುಗಡೆಯಾಗಿದೆ, ಅವುಗಳ ಜಾಗಕ್ಕೆ ಕಂಪ್ಯೂಟರ್ ಬಂದಿದೆ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿದ್ಯಾರ್ಥಿ ಸ್ಪಷ್ಟವಾದ ಚೀಟಿ ಬರೆಯಬೇಕು, ಅದನ್ನು ರೋಗಿಗೆ ವಿವರಿಸಬೇಕು, ಬೇರೆಯವರ ಚೀಟಿಯಲ್ಲಿ ತಪ್ಪು ಹುಡುಕಬೇಕು, ಔಷಧದಿಂದಾದ ಅಡ್ಡಪರಿಣಾಮ ವರದಿ ಮಾಡಬೇಕು, ಎಲ್ಲವೂ ಅದರಲ್ಲಿದೆ. ಕಾಗದದ ಮೇಲೆ ನನಗೆ ಯಾವ ತಕರಾರೂ ಇಲ್ಲ.

ತಕರಾರು ಕಾಲದ್ದು. ಔಷಧಶಾಸ್ತ್ರ ಮುಗಿಯುವುದು ಎರಡನೆಯ ಹಂತದಲ್ಲಿ. ಆಗ ಹುಡುಗರಿಗೆ ರೋಗಿಯ ಪರಿಚಯವೇ ಸರಿಯಾಗಿ ಆಗಿರುವುದಿಲ್ಲ. ತ್ರಿಪಾಠಿಯವರ ದಪ್ಪ ಪಠ್ಯಪುಸ್ತಕದಲ್ಲಿ ಔಷಧಗಳು ಗುಂಪುಗುಂಪಾಗಿ ನಿಂತಿರುತ್ತವೆ. ಹುಡುಗರು ಔಷಧದಿಂದ ರೋಗದ ಕಡೆ ಹೋಗುತ್ತಾರೆ. ರೋಗಿ ಬರುವುದು ಎದುರು ದಿಕ್ಕಿನಿಂದ. ಲಾಗ್‌ಬುಕ್ಕಿನಲ್ಲಿ ಚೀಟಿ ಬರೆದು, ಸಹಿ ಹಾಕಿಸಿಕೊಂಡು, ವಿಷಯ ಪಾಸಾದರೆ ಮುಗಿಯಿತು. ಆಮೇಲೆ ವಾರ್ಡಿನಲ್ಲಿ ಕಲಿಯುವುದೆಲ್ಲ ಸೀನಿಯರ್ ಬರೆದದ್ದನ್ನು ನೋಡಿ. ಸೀನಿಯರ್ ಕಲಿತದ್ದು ಅವನ ಸೀನಿಯರ್‌ನಿಂದ. ಔಷಧ ಕಂಪನಿಯ ಪ್ರತಿನಿಧಿ ಕೊಟ್ಟ ಪೆನ್ನು, ಅದೇ ಕಂಪನಿಯ ಬ್ರ್ಯಾಂಡು. ಹೌಸ್ ಸರ್ಜನ್ ಆದಮೇಲೆ ರಾತ್ರಿ ಎರಡು ಗಂಟೆಗೆ ಕೇಸ್ ಶೀಟಿನಲ್ಲಿ ಬರೆಯುವವನು ಅವನೇ, ಬೆಳಿಗ್ಗೆ ಅದನ್ನು ತಿದ್ದಿ ಹೇಳುವವರು ಅಪರೂಪ.

ಈ ತರಬೇತಿಯ ಮೇಲೆ ಅವನು ಹಳ್ಳಿಗೆ ಹೋಗುತ್ತಾನೆ. ವೈದ್ಯಕೀಯ ಓದಿದವರು ಒಂದು ವರ್ಷ ಗ್ರಾಮೀಣ ಸೇವೆ ಮಾಡಬೇಕೆಂಬ ಕಾಯ್ದೆಯನ್ನು ಕರ್ನಾಟಕ 2012ರಲ್ಲಿ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಬಾದಾಮಿ, ಹುನಗುಂದದ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಹುಡುಗ ಕುಳಿತಾಗ ಅವನ ಹಿಂದೆ ಪ್ರೊಫೆಸರ್ ಇರುವುದಿಲ್ಲ.

ಬ್ರಿಟನ್ನಿನ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. 2009ರಲ್ಲಿ ಪ್ರಕಟವಾದದ್ದು, 19 ಆಸ್ಪತ್ರೆಗಳ ಲಕ್ಷಕ್ಕೂ ಹೆಚ್ಚು ಔಷಧ ಆದೇಶಗಳನ್ನು ನೋಡಿದ್ದು. ನೂರಕ್ಕೆ ಹೆಚ್ಚುಕಡಿಮೆ ಒಂಬತ್ತರಲ್ಲಿ ತಪ್ಪಿತ್ತು. ಹೊಸಬರಷ್ಟೇ ಅಲ್ಲ, ಎಲ್ಲ ದರ್ಜೆಯ ವೈದ್ಯರೂ ತಪ್ಪಿದ್ದರು. ಆದರೆ ನನ್ನ ಕಣ್ಣು ನಿಂತದ್ದು ಇನ್ನೊಂದು ಮಾತಿನ ಮೇಲೆ: ಆ ತಪ್ಪುಗಳಲ್ಲಿ ಬಹುತೇಕ ಎಲ್ಲವನ್ನೂ ರೋಗಿಗೆ ಮುಟ್ಟುವ ಮೊದಲೇ ಫಾರ್ಮಸಿಸ್ಟರು, ನರ್ಸುಗಳು ಹಿಡಿದಿದ್ದರು. ಅಲ್ಲಿ ವೈದ್ಯನ ಪೆನ್ನಿಗೂ ರೋಗಿಯ ಬಾಯಿಗೂ ನಡುವೆ ಎರಡು ಮೂರು ಜೊತೆ ಕಣ್ಣುಗಳಿವೆ. ಇಳಕಲ್ಲಿನ ಆ ತಾಯಿಗೂ ಅವರ ಚೀಟಿಗೂ ನಡುವೆ ಇದ್ದದ್ದು ಸಂಜೆ ಹೊತ್ತಿನ ಗದ್ದಲದಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವ ಒಬ್ಬ ಹುಡುಗ. ಹಾಗಾಗಿ ನಮ್ಮ ವೈದ್ಯ ಬ್ರಿಟನ್ನಿನ ವೈದ್ಯನಿಗಿಂತ ಚೆನ್ನಾಗಿ ಚೀಟಿ ಬರೆಯಲು ಕಲಿಯಬೇಕು. ‘ನಮ್ಮಂಥ ಬಡ ಊರಿಗೆ ಇಷ್ಟೆಲ್ಲ ನಾಜೂಕು ಯಾಕೆ’ ಎನ್ನುವವರು ಲೆಕ್ಕವನ್ನು ತಲೆಕೆಳಗಾಗಿ ಹಾಕುತ್ತಿದ್ದಾರೆ.

ಲೆಕ್ಕದ ಮಾತು ಬಂತು. ಹತ್ತು ಕಿಲೋ ತೂಕದ ಮಗುವಿಗೆ ಜ್ವರ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ, ಅಂದರೆ 150. ಅಂಗಡಿಯಲ್ಲಿ ಮೂರು ಬಾಟಲಿ ಇವೆ. ಹನಿ ಔಷಧದ ಪುಟ್ಟ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ. ಕೊಡಬೇಕಾದದ್ದು ಒಂದೂವರೆ ಮಿಲಿಲೀಟರ್. ಒಂದು ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 125, ಕೊಡಬೇಕಾದದ್ದು ಆರು. ಇನ್ನೊಂದರಲ್ಲಿ ಐದಕ್ಕೆ 250, ಕೊಡಬೇಕಾದದ್ದು ಮೂರು. ಚೀಟಿಯಲ್ಲಿ ‘ಪ್ಯಾರಾಸಿಟಮಾಲ್, ಒಂದು ಚಮಚ’ ಎಂದಷ್ಟೇ ಬರೆದು, ಅಂಗಡಿಯವ ಹನಿ ಬಾಟಲಿ ಕೊಟ್ಟನೆನ್ನಿ. ಐದು ಮಿಲಿಲೀಟರಿನ ಚಮಚದಲ್ಲಿ 500 ಮಿಲಿಗ್ರಾಂ ಹೋಯಿತು, ಬೇಕಾದದ್ದರ ಮೂರು ಪಟ್ಟಿಗೂ ಹೆಚ್ಚು. ಇನ್ನು ಚಮಚ ಅಂದರೆ ಯಾವ ಚಮಚ? ಚಹದ್ದೋ, ಉಪ್ಪಿನಕಾಯಿ ಭರಣಿಯದ್ದೋ? ನೀಟ್ ಪರೀಕ್ಷೆಯಲ್ಲಿ ಭೌತಶಾಸ್ತ್ರದ ಕಗ್ಗಂಟು ಬಿಡಿಸಿ ಬಂದ ಹುಡುಗರಿಗೆ ಇದು ಲೆಕ್ಕವೇ ಅಲ್ಲ. ಆದರೆ ಮೂರು ಬಾಟಲಿಯನ್ನು ಮೇಜಿನ ಮೇಲಿಟ್ಟು, ಅಳುವ ಮಗುವಿನ ತಾಯಿಯ ಎದುರು ಈ ಲೆಕ್ಕ ಮಾಡು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಇನ್ಸುಲಿನ್ನಿನದೂ ಇದೇ ಕಥೆ. ನಮ್ಮಲ್ಲಿ ಮಿಲಿಲೀಟರಿಗೆ 40 ಯುನಿಟ್ಟಿನದೂ ಸಿಗುತ್ತದೆ, 100 ಯುನಿಟ್ಟಿನದೂ ಸಿಗುತ್ತದೆ, ಸಿರಿಂಜುಗಳೂ ಬೇರೆ ಬೇರೆ. ‘10’ರ ಮುಂದೆ ಇಂಗ್ಲಿಷಿನ ‘ಯು’ ಅಕ್ಷರ ದುಂಡಗೆ ಬಿದ್ದರೆ ಅದು ನೂರಾಗುತ್ತದೆ.

ಅಕ್ಷರದ ವಿಷಯಕ್ಕೆ ನ್ಯಾಯಾಲಯಗಳು ಬಹಳ ತಲೆಕೆಡಿಸಿಕೊಂಡಿವೆ. ದೊಡ್ಡಕ್ಷರದಲ್ಲಿ ಸ್ಪಷ್ಟವಾಗಿ ಬರೆಯಿರಿ ಎಂದು ಒಡಿಶಾ ಹೈಕೋರ್ಟ್ 2024ರಲ್ಲಿ ಹೇಳಿತು. ಓದಲು ಬರುವ ಚೀಟಿ ಬದುಕುವ ಹಕ್ಕಿನ ಭಾಗ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2025ರಲ್ಲಿ ಹೇಳಿತು. ವೈದ್ಯಕೀಯ ಮಂಡಳಿ 2016ರಲ್ಲೇ ಇದನ್ನು ನಿಯಮಕ್ಕೆ ಸೇರಿಸಿತ್ತು, ಜೊತೆಗೆ ಔಷಧದ ಮೂಲ ಹೆಸರನ್ನೇ ಬರೆಯಬೇಕೆಂದೂ ಹೇಳಿತ್ತು. ಒಳ್ಳೆಯದೇ. ಆದರೆ ಕೈಬರಹ ತಿದ್ದಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆ ನನಗಿಲ್ಲ. ಮಹಾಕೂಟದ್ದೇ ಉದಾಹರಣೆ ನೋಡಿ. ಚಾಲುಕ್ಯ ಮಂಗಳೇಶ ಇಲ್ಲಿ ನಿಲ್ಲಿಸಿದ ಸ್ತಂಭ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಲಿಪಿ ಹಳಗನ್ನಡದ್ದು, ಭಾಷೆ ಸಂಸ್ಕೃತದ್ದು. ಆ ಕಾಲದಲ್ಲೂ ಸುತ್ತಲಿನ ರೈತ ಅದರ ಮುಂದೆ ನಿಂತರೆ, ಅಕ್ಷರ ಬಲ್ಲವನಾದರೂ, ಉಚ್ಚರಿಸಬಹುದಿತ್ತೇ ವಿನಾ ಅರ್ಥ ದಕ್ಕುತ್ತಿರಲಿಲ್ಲ. ನಮ್ಮ ಎಷ್ಟೋ ಕಂಪ್ಯೂಟರ್ ಚೀಟಿಗಳು ಹಾಗೆಯೇ: ಮುತ್ತಿನಂಥ ಅಕ್ಷರ, ಪರಕೀಯ ಮಾತು. ಅದರಲ್ಲೂ ತಪ್ಪಾದ ಪ್ರಮಾಣ ಅಂದವಾಗಿ ಅಚ್ಚಾದರೆ ಅಂಗಡಿಯವನಿಗೆ ಅನುಮಾನವೇ ಬರುವುದಿಲ್ಲ.

ಹಾಗಾದರೆ ಕನ್ನಡದಲ್ಲೇ ಬರೆಯಲಿ ಎಂಬ ಕೂಗು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವೇ ಸರ್ಕಾರಿ ಆಸ್ಪತ್ರೆಗಳ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಕೇಳಿತು. ಕೆಲವು ವೈದ್ಯರು ಉತ್ಸಾಹದಿಂದ ಬರೆದೂ ತೋರಿಸಿದರು. ನನ್ನ ಅಭಿಪ್ರಾಯ ಅರ್ಧ ಅವರ ಪರ. ಔಷಧದ ಹೆಸರು ಸ್ಟ್ರಿಪ್ಪಿನ ಮೇಲೆ ಹೇಗೆ ಅಚ್ಚಾಗಿದೆಯೋ ಅದೇ ಅಕ್ಷರದಲ್ಲಿ ಚೀಟಿಯಲ್ಲೂ ಇರಲಿ, ಎರಡನ್ನೂ ಪಕ್ಕ ಹಿಡಿದು ಹೋಲಿಸಲು ಬರಬೇಕು. ಫೋಲಿಟ್ರಾಕ್ಸ್ ಎಂಬ ಬ್ರ್ಯಾಂಡಿನೊಳಗೆ ಇರುವುದು ಮೆಥೊಟ್ರೆಕ್ಸೇಟ್; ಕೇಳಿದರೆ ಫೋಲಿಕ್ ಆಸಿಡಿನ ತಮ್ಮನಂತಿದೆ. ಇಂಥ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಕನ್ನಡಕ್ಕೆ ತಂದರೆ ಗೊಂದಲ ಇಮ್ಮಡಿಯಾಗುತ್ತದೆ. ಆದರೆ ಎಷ್ಟು, ಯಾವಾಗ, ಎಷ್ಟು ದಿನ, ಯಾತಕ್ಕೆ ಎಂಬ ನಾಲ್ಕು ಮಾತು ಕನ್ನಡದಲ್ಲೇ ಇರಬೇಕು. ‘ಒಡಿ’, ‘ಬಿಡಿ’ ಎಂಬ ಸಂಕೇತ ಬೇಡ. ಇಂಗ್ಲಿಷಿನಲ್ಲಿ ಸೋಮವಾರದ ‘ಮನ್’ ಗೀಚಿದರೆ ಮುಂಜಾನೆಯ ‘ಮಾರ್ನ್’ ಆಗಬಹುದು. ಕನ್ನಡದ ‘ಸೋಮವಾರ’ವನ್ನು ಎಷ್ಟು ಕೆಟ್ಟದಾಗಿ ಬರೆದರೂ ‘ಮುಂಜಾನೆ’ ಎಂದು ಓದಲು ಬರುವುದಿಲ್ಲ.

ಇದನ್ನು ಕಲಿಸುವುದೂ ಕಾಲೇಜಿನ ಕೆಲಸವೇ. ಬಾಗಲಕೋಟೆಗೆ ಓದಲು ಬರುವ ಹುಡುಗರೆಲ್ಲ ಕನ್ನಡದವರಲ್ಲ, ಬೆಂಗಳೂರಿನವರಿಗೂ ನಮ್ಮ ಕಡೆಯ ಮಾತು ತೊಡಕು. ‘ಆಹಾರದ ನಂತರ ಸೇವಿಸಿ’ ಎಂದರೆ ಇಲ್ಲಿ ಯಾರಿಗೆ ತಟ್ಟುತ್ತದೆ? ‘ರೊಟ್ಟಿ ಉಂಡ ಮ್ಯಾಲೆ ತಗೋರಿ’ ಎನ್ನಲು ಬರಬೇಕು. ಹೇಳಿದ ಮೇಲೆ, ‘ಈಗ ನೀವ ಹೇಳ್ರಿ, ಹ್ಯಾಂಗ ತಗೋತೀರಿ?’ ಎಂದು ತಿರುಗಿ ಕೇಳಬೇಕು. ಆ ಒಂದು ಪ್ರಶ್ನೆ ಕೇಳಿದ್ದರೆ ಇಳಕಲ್ಲಿನ ತಾಯಿ ‘ದಿನಾ ಮುಂಜಾನಿ’ ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದರು.

ಇಲ್ಲಿ ನನ್ನ ಸಹೋದ್ಯೋಗಿಗಳು ಸಿಟ್ಟಾಗುತ್ತಾರೆ. ಒಪಿಡಿಯಲ್ಲಿ ಜನ ಬಾಗಿಲ ತನಕ ನಿಂತಿರುತ್ತಾರೆ. ಬಂದವರಿಗೆ ಮಾತು ಬೇಡ, ‘ಸೂಜಿ ಮಾಡ್ರಿ, ಸಲಾಯಿನ್ ಹಚ್ರಿ’ ಅನ್ನುತ್ತಾರೆ. ನಾವು ಬರೆಯದಿದ್ದರೆ ಪಕ್ಕದ ಓಣಿಯಲ್ಲಿ ಡಿಗ್ರಿಯಿಲ್ಲದವನು ಬರೆಯುತ್ತಾನೆ. ಮೂರೂ ನಿಜ. ಆದರೆ ಮೂರೂ ಕಲಿಕೆಯ ಪರವಾಗಿಯೇ ವಾದಿಸುತ್ತವೆ. ಒಂದು ನಿಮಿಷದಲ್ಲಿ ಸರಿಯಾಗಿ ಬರೆಯಲು ಬರುವುದು ಬಿಡುವಿದ್ದಾಗ ನೂರು ಸಲ ಬರೆದು ತಿದ್ದಿಸಿಕೊಂಡವನಿಗೆ ಮಾತ್ರ. ಗದ್ದಲದಲ್ಲಿ ಕೈ ತಪ್ಪದ ನೇಕಾರ ಗದ್ದಲದಲ್ಲಿ ನೇಯ್ಗೆ ಕಲಿತವನಲ್ಲ. ಸೂಜಿ ಬೇಡವೆಂದು ಹೇಳಿಯೂ ರೋಗಿಯನ್ನು ಸಮಾಧಾನದಿಂದ ಕಳಿಸುವುದು ಒಂದು ಕಸುಬು, ಅದನ್ನೂ ಕಲಿಸಬೇಕು. ಬರೀ ಕಾನೂನಿನಿಂದ ಅದು ಬರುವುದಿಲ್ಲ. ಪ್ರಬಲ ಆ್ಯಂಟಿಬಯಾಟಿಕ್ಕುಗಳನ್ನು 2014ರಲ್ಲಿ ಎಚ್1 ಪಟ್ಟಿಗೆ ಸೇರಿಸಿ ಅಂಗಡಿಯವರಿಗೆ ಬೇರೆ ರಿಜಿಸ್ಟರ್ ಕಡ್ಡಾಯ ಮಾಡಿದರೂ ನೆಗಡಿಗೆ ಅವುಗಳನ್ನು ಕೇಳುವುದೂ ಕೊಡುವುದೂ ನಿಂತಿಲ್ಲ. ನಮ್ಮ ಕಡೆ ಬೇಡದ ಔಷಧ ಬೇಡ ಎಂಬ ಮಾತನ್ನು ಬಹಳ ವರ್ಷದಿಂದ ಹೇಳುತ್ತ ಬಂದವರು ಧಾರವಾಡದ ಡಾ. ಗೋಪಾಲ ದಾಬಡೆ ಮತ್ತು ಡ್ರಗ್ ಆ್ಯಕ್ಷನ್ ಫೋರಂನವರು. ಅವರ ಕೆಲಸವನ್ನು ಹೊರಗಿನ ಚಳವಳಿಯೆಂದು ಬಿಟ್ಟದ್ದು ನಮ್ಮ ಕಾಲೇಜುಗಳ ತಪ್ಪು. ಅದು ತರಗತಿಯ ಪಾಠವಾಗಬೇಕಿತ್ತು.

ಕಲಿಸಲು ಬರುತ್ತದೆಯೇ ಎಂಬ ಅನುಮಾನ ಬೇಡ. ನೆದರ್ಲೆಂಡಿನ ಗ್ರೋನಿಂಗನ್‌ನಲ್ಲಿ ಬೆಳೆದ ಒಂದು ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಕೈಪಿಡಿಯಾಗಿ ತಂದಿತು: ರೋಗಿಯ ತೊಂದರೆ ಯಾವುದು, ಯಾವುದನ್ನು ಸಾಧಿಸಬೇಕು, ನಾನು ಮೊದಲೇ ಯೋಚಿಸಿ ಆರಿಸಿಟ್ಟುಕೊಂಡ ಔಷಧ ಈ ರೋಗಿಗೆ ಹೊಂದುತ್ತದೆಯೇ, ಆಮೇಲೆ ಚೀಟಿ, ವಿವರಣೆ, ನಿಗಾ. ದೆಹಲಿಯೂ ಸೇರಿ ಏಳು ವಿಶ್ವವಿದ್ಯಾಲಯಗಳ 219 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ ಫಲಿತಾಂಶ 1995ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಚಿಕ್ಕದೊಂದು ಕೋರ್ಸು ಮಾಡಿದವರು ಉಳಿದವರಿಗಿಂತ ಸ್ಪಷ್ಟವಾಗಿ ಚೆನ್ನಾಗಿ ಬರೆದರು, ತರಗತಿಯಲ್ಲಿ ನೋಡದ ರೋಗಗಳಿಗೂ. ಮೂವತ್ತು ವರ್ಷದ ಹಿಂದೆಯೇ ಉತ್ತರ ಸಿಕ್ಕಿದ ಪ್ರಶ್ನೆ ಇದು.

ಆದರೂ ನಾನು ಪಾಠವನ್ನು ಬರೆಯುವುದರಿಂದ ಶುರು ಮಾಡಲಾರೆ, ಬಿಡಿಸುವುದರಿಂದ ಶುರು ಮಾಡುತ್ತೇನೆ. 2022ರಿಂದ ಪ್ರತಿ ವೈದ್ಯ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತಗೊಂಡಂತೆ ವರ್ಷಗಟ್ಟಲೆ ನೋಡಿಕೊಳ್ಳಬೇಕೆಂಬ ಕಾರ್ಯಕ್ರಮವಿದೆ. ಬಹಳ ಕಡೆ ಅದು ಫಾರಂ ತುಂಬುವ ಕೆಲಸವಾಗಿದೆ. ಆ ಪ್ರತಿ ಮನೆಯಲ್ಲೂ ಗೂಟಕ್ಕೆ ನೇತುಹಾಕಿದ ಒಂದು ಗುಳಿಗೆಯ ಚೀಲವಿರುತ್ತದೆ. ಹುಡುಗ ಅದನ್ನು ಚಾಪೆಯ ಮೇಲೆ ಸುರುವಲಿ. ಬಿ.ಪಿ.ಗೆ ಒಬ್ಬರು ಕೊಟ್ಟದ್ದು, ಅದೇ ಔಷಧ ಬೇರೆ ಹೆಸರಿನಲ್ಲಿ ಇನ್ನೊಬ್ಬರು ಕೊಟ್ಟದ್ದು, ಮೊಣಕಾಲಿಗೆ ಅಂಗಡಿಯವನೇ ಕೊಟ್ಟ ಪೊಟ್ಟಣ. ಕುಣಿಮಗ್ಗದಲ್ಲಿ ದಿನವಿಡೀ ಕುಳಿತು ಸೊಂಟ ಹಿಡಿದ ನೇಕಾರನೊಬ್ಬ ಬಿ.ಪಿ. ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಮೇಲೆ ದಿನಾ ನೋವಿನ ಗುಳಿಗೆ ನುಂಗಿದರೆ ಅವನ ಮೂತ್ರಪಿಂಡಕ್ಕೆ ಏನಾಗುತ್ತದೆ? ಯಾವುದನ್ನು ತಕ್ಷಣ ನಿಲ್ಲಿಸಬೇಕು, ಯಾವುದನ್ನು ಥಟ್ಟನೆ ನಿಲ್ಲಿಸಲೇಬಾರದು? ಯಾರ ಜೊತೆ ಮಾತಾಡಿ ನಿಲ್ಲಿಸಬೇಕು? ಒಂದು ಚೀಲ ಬಿಡಿಸಿದರೆ ಹತ್ತು ಉಪನ್ಯಾಸದಷ್ಟು ಔಷಧಶಾಸ್ತ್ರ ಹೊರಬೀಳುತ್ತದೆ. ಬಾಗಲಕೋಟೆಯಂಥ ಒಂದೇ ಊರಿನಲ್ಲಿ, ಒಂದೇ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಅಡಿಯಲ್ಲಿ ವೈದ್ಯಕೀಯ ಕಾಲೇಜೂ ಇದೆ, ಫಾರ್ಮಸಿ ಕಾಲೇಜೂ ಇದೆ. ಎರಡೂ ಕಡೆಯ ಮಕ್ಕಳು ಒಂದೇ ಚೀಲದ ಮುಂದೆ ಕುಳಿತು ಕಲಿತರೆ ಮುಂದೆ ಒಬ್ಬರ ತಪ್ಪನ್ನು ಇನ್ನೊಬ್ಬರು ಫೋನ್ ಮಾಡಿ ಹೇಳಲು ಮುಜುಗರಪಡುವುದಿಲ್ಲ. ದೇಶದಲ್ಲಿ ಆರು ವರ್ಷದ ಫಾರ್ಮ್‌ಡಿ ಕೋರ್ಸು 2008ರಲ್ಲೇ ಶುರುವಾಯಿತು; ಹಾಗೆ ಕಲಿತವರನ್ನು ವಾರ್ಡಿನಲ್ಲಿ ವೈದ್ಯರ ಪಕ್ಕ ನಿಲ್ಲಿಸುವ ಆಸ್ಪತ್ರೆಗಳು ಈಗಲೂ ಕಡಿಮೆ.

ಕೊನೆಗೆ ಪರೀಕ್ಷೆ. ಪರೀಕ್ಷೆಯಲ್ಲಿ ಬಾರದ್ದನ್ನು ನಮ್ಮ ಹುಡುಗರು ಓದುವುದಿಲ್ಲ, ನಾವೂ ಓದುತ್ತಿರಲಿಲ್ಲ. ಬ್ರಿಟನ್ನಿನಲ್ಲಿ 2014ರಿಂದ ಅಂತಿಮ ವರ್ಷದವರಿಗೆ ಔಷಧ ಬರೆಯುವ ಸುರಕ್ಷತೆಯದೇ ಬೇರೆ ಪರೀಕ್ಷೆ ಮಾಡಿದರು. ಎರಡು ಗಂಟೆ, 60 ಪ್ರಶ್ನೆ, ಔಷಧ ಕೋಶವನ್ನು ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ನೆನಪಿನ ಮೇಲೆ ಡೋಸ್ ಬರೆಯುವುದು ಜಾಣತನವಲ್ಲ, ನೋಡಿ ಬರೆಯುವುದೇ ಸರಿಯಾದ ಅಭ್ಯಾಸ ಎಂಬುದು ಆ ಪರೀಕ್ಷೆಯ ರಚನೆಯಲ್ಲೇ ಇದೆ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇಂಥದೊಂದನ್ನು ಹೌಸ್ ಸರ್ಜನ್ಸಿ ಮುಗಿಯುವ ಮುನ್ನ ಇಡಬೇಕು, ಅರ್ಧ ಅಂಕ ರೋಗಿಗೆ ಕನ್ನಡದಲ್ಲಿ ಹೇಳುವುದಕ್ಕೆ ಇರಬೇಕು. ಪಾಸಾಗದವರು ಮತ್ತೆ ಬರೆಯಲಿ. ಪಾಸಾಗುವ ತನಕ ಕಾಯಂ ನೋಂದಣಿ ಬೇಡ.

ಅಷ್ಟರವರೆಗೆ ಓದುಗರಲ್ಲಿ ಒಂದು ಕೇಳಿಕೆ. ದವಾಖಾನೆಗೆ ಹೋಗುವಾಗ ಮನೆಯ ಗುಳಿಗೆ ಚೀಲವನ್ನು ಪೂರ್ತಿ ತಗೊಂಡು ಹೋಗಿ. ಚೀಟಿ ಕೈಗೆ ಬಂದ ಮೇಲೆ ಎದ್ದು ಬರುವ ಮುನ್ನ ‘ದಿನಾನೋ, ವಾರಕ್ಕೊಮ್ಮೆಯೋ, ಎಷ್ಟು ದಿನ?’ ಎಂದು ಕೇಳಿ. ಗುಳಿಗೆ ತಗೊಂಡ ಮೇಲೆ ಏನಾದರೂ ಎಡವಟ್ಟಾದರೆ ವೈದ್ಯರಿಗೆ ತಿಳಿಸಿ. 1800-180-3024 ಎಂಬ ಉಚಿತ ಸಂಖ್ಯೆಗೂ ತಿಳಿಸಬಹುದು, ಅದು ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮದ್ದು. ಡಾಕ್ಟರು ಸಿಡುಕಿದರೆ ಸಿಡುಕಲಿ.